ಹತ್ತು ಸೆಕೆಂಡಿನ ಮೆನು

"ಎಲ್ಲಾ ಅಳಿಸಿ ಹಾಕ್ಲಾ ಅಂತ ಕೇಳ್ತಿದೆ. ಒತ್ತಿಬಿಡ್ಲಾ?" ಎಂದ ಅಣ್ಣ. ಅವನ ಬೆರಳು ಆಗಲೇ ಎಂಟರ್ ಕೀ ಮೇಲಿತ್ತು.

ಬೋಲ್ಟು ಆ ಕೈಗೆ ಪಟ್ಟೆಂದು ಒಂದು ಕೊಟ್ಟು ಪಕ್ಕಕ್ಕೆ ಸರಿಸಿದಳು. "ಕೈ ತೆಗಿ ಮೊದ್ಲು. ಅದನ್ನ ಒತ್ತಿದ್ರೆ ಅಜ್ಜಿ ಡಿಸೈನ್ ಎಲ್ಲಾ ಮಂಗಮಾಯ."

"ಮತ್ತೆ ಯಾವುದು ಒತ್ತಬೇಕು?"

"ಅದರ ಮೇಲಿಂದು. ಹಳೇದರ ಪಕ್ಕದಲ್ಲಿ ಹೊಸದನ್ನ ಹಾಕು ಅಂತ ಇದೆ ನೋಡು. ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ರೂ ಕಾಣಲ್ವಾ?"

ಅಣ್ಣ ಒಂಬತ್ತನೇ ಕ್ಲಾಸು, ಬೋಲ್ಟು ಆರನೇ ಕ್ಲಾಸು. ಆದರೆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತಿತ್ತು. ಅಣ್ಣ ಬಾಯಿ ಮುಚ್ಚಿಕೊಂಡು ಸ್ಟೂಲ್ ಬಿಟ್ಟುಕೊಟ್ಟ.

ಬೋಲ್ಟುವಿಗೆ ಬೇರೆ ಒಂದು ಒಳ್ಳೆಯ ಹೆಸರು ಇಲ್ಲವೆಂದಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಅದನ್ನೇ ಕೂಗುತ್ತಾರೆ. ಆದರೆ ಮೂರು ವರ್ಷದವಳಿದ್ದಾಗ ಒಂದು ದಿನ ಅಜ್ಜಿಯ ಹೊಲಿಗೆ ಮೆಷಿನ್ನಿನ ಬೋಲ್ಟ್ ಬಿಚ್ಚಿ, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಮನೆಯವರೆಲ್ಲ ಮಂಚದ ಕೆಳಗೆ, ಬೀರುವಿನ ಹಿಂದೆ ಹುಡುಕಿ ಸುಸ್ತಾಗಿದ್ದರು. ಅವತ್ತು ಅಂಟಿದ ಹೆಸರು ಇನ್ನೂ ಬಿಟ್ಟಿಲ್ಲ.

ಈಗ ನಡೆಯುತ್ತಿದ್ದ ಕೆಲಸ ಬೋಲ್ಟ್ ಬಿಚ್ಚುವುದಕ್ಕಿಂತ ದೊಡ್ಡದು. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್, ಅದು ಅಜ್ಜಿಯದು. ಅಜ್ಜಿ ಬಟ್ಟೆಗೆ ಕಸೂತಿ ಹಾಕುವ ಮೆಷಿನ್ ಇಟ್ಟುಕೊಂಡಿದ್ದರು. ಶಾಲೆಯ ಬ್ಯಾಡ್ಜು, ಕಂಪನಿಯ ಗುರುತು, ಮಗುವಿನ ಹೊದಿಕೆಗೆ ಮೊಲ, ಹೀಗೆ ಯಾರು ಏನು ಕೇಳಿದರೂ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ವೈರಿನ ಮೂಲಕ ಮೆಷಿನ್ನಿಗೆ ಕಳಿಸುತ್ತಿದ್ದರು. ಎಂಟು ವರ್ಷದ ಡಿಸೈನುಗಳು ಅದರಲ್ಲಿದ್ದವು. ಆ ಕಸೂತಿ ಪ್ರೋಗ್ರಾಂ ಕಂಪ್ಯೂಟರಿನ ಹಳೆಯ ಸಿಸ್ಟಮ್‌ನಲ್ಲಿ ಮಾತ್ರ ನಡೆಯುತ್ತಿತ್ತು.

ಬೋಲ್ಟುವಿಗೆ ಬೇಕಾಗಿದ್ದು ಹೊಸ ಸಿಸ್ಟಮ್. ಶಾಲೆಯ ಕಂಪ್ಯೂಟರ್ ಕ್ಲಬ್ಬಿನಲ್ಲಿ ಎಲ್ಲರೂ ಒಂದೊಂದು ಗೇಮ್ ಮಾಡುತ್ತಿದ್ದರು. ಬೋಲ್ಟುವಿನದು ನೂಲಿನ ಉಂಡೆ ಹಿಡಿಯುವ ಬೆಕ್ಕು. ಗೇಮ್ ಮಾಡುವ ಪ್ರೋಗ್ರಾಂ ಹಳೆಯ ಸಿಸ್ಟಮ್‌ನಲ್ಲಿ ತೆರೆಯುತ್ತಲೇ ಇರಲಿಲ್ಲ. ಶಾಲೆಯಲ್ಲಿ ವಾರಕ್ಕೆ ಸಿಗುವ ಒಂದು ಪೀರಿಯಡ್‌ನಲ್ಲಿ ಬೆಕ್ಕಿಗೆ ಬಾಲ ಬಂದಿತ್ತೇ ಹೊರತು ಕಾಲು ಬಂದಿರಲಿಲ್ಲ.

ಆಗ ಕಂಪ್ಯೂಟರ್ ಮಿಸ್ಸು ಉಪಾಯ ಹೇಳಿದ್ದರು. ಒಂದೇ ಕಂಪ್ಯೂಟರಿನಲ್ಲಿ ಹಳೆಯದೂ ಇರಬಹುದು, ಹೊಸದೂ ಇರಬಹುದು. ಒಂದೇ ಮನೆಯನ್ನು ಎರಡು ಪಾಲು ಮಾಡಿ ಎರಡು ಬಾಗಿಲು ಇಟ್ಟ ಹಾಗೆ. ಕಂಪ್ಯೂಟರ್ ಶುರುವಾದಾಗ ಒಂದು ಮೆನು ಬರುತ್ತದೆ. ಯಾವ ಬಾಗಿಲು ಬೇಕು ಎಂದು ಕೇಳುತ್ತದೆ. ಬಾಣದ ಕೀ ಒತ್ತಿ ಆರಿಸಿಕೊಂಡರಾಯಿತು. ಇದಕ್ಕೆ ಡ್ಯುಯಲ್ ಬೂಟ್ ಎಂದು ಹೆಸರು.

"ಎರಡು ಬೂಟಾ? ಒಂದು ಜೊತೆ ಅಂತ ಹೇಳು," ಎಂದಿದ್ದರು ಅಜ್ಜಿ.

ಬೋಲ್ಟು ಮೂರು ದಿನ ಹಿಂದೆ ಬಿದ್ದ ಮೇಲೆ ಅಜ್ಜಿ ಒಪ್ಪಿಕೊಂಡರು. ಆದರೆ ಒಂದು ಷರತ್ತು ಹಾಕಿದರು. "ನನ್ನ ಕೆಲಸ ಒಂದು ದಿನಾನೂ ನಿಲ್ಲಬಾರದು. ನಿಲ್ತೋ, ನಿನ್ನ ಹೊಸದು ಮನೆಯಿಂದ ಆಚೆ. ಒಪ್ಪಿಗೇನಾ?"

"ಒಂದು ನಿಮಿಷಾನೂ ನಿಲ್ಲಲ್ಲ. ನೋಡ್ತಿರು," ಎಂದಿದ್ದಳು ಬೋಲ್ಟು.

ಅವಳು ಸುಮ್ಮನೆ ಜಂಬ ಕೊಚ್ಚಿಕೊಂಡಿರಲಿಲ್ಲ. ಮಿಸ್ಸು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದುಕೊಂಡಿದ್ದಳು. ಅಜ್ಜಿಯ ಡಿಸೈನುಗಳನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿ, ಅದನ್ನು ಗುಂಡಿಗಳ ಡಬ್ಬಿಯೊಳಗೆ ಜೋಪಾನವಾಗಿ ಇಟ್ಟಿದ್ದಳು. ಡಿಸ್ಕಿನಲ್ಲಿ ಎಷ್ಟು ಜಾಗ ಅಜ್ಜಿಗೆ, ಎಷ್ಟು ತನಗೆ ಎಂದು ಗೆರೆ ಎಳೆಯುವಾಗಲೂ ಅಜ್ಜಿಗೇ ದೊಡ್ಡ ಪಾಲು ಕೊಟ್ಟಳು. ಭಾನುವಾರ ಊಟ ಆದ ಮೇಲೆ ಕೂತವಳು ಎದ್ದಾಗ ಗಂಟೆ ನಾಲ್ಕಾಗಿತ್ತು.

ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ನಾಲ್ಕು ಸಾಲು ಮೂಡಿದವು. ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಸೆಕೆಂಡುಗಳು ಇಳಿಯುತ್ತಿದ್ದವು.

"ಬಂತು ಮೆನು," ಎಂದಳು ಬೋಲ್ಟು. ಅವಳ ಮುಖ ಊರಗಲ ಆಗಿತ್ತು.

ಅಣ್ಣ ಬಗ್ಗಿ ನೋಡಿದ. "ಅಜ್ಜೀದು ಎಲ್ಲಿದೆ? ಇದಾ, ಎಲ್ಲಾದಕ್ಕಿಂತ ಕೆಳಗೆ?"

"ಹ್ಞೂಂ. ಹೊಸದನ್ನ ಹಾಕಿದ್ರೆ ಅದು ತಾನೇ ಮೂರು ಸಾಲು ಹಿಡ್ಕೊಂಡು ಮೇಲೆ ಹೋಗಿ ಕೂರುತ್ತೆ."

"ಯಾರೂ ಏನೂ ಒತ್ತದಿದ್ರೆ?"

"ಹತ್ತು ಸೆಕೆಂಡ್ ಕಾಯುತ್ತೆ. ಆಮೇಲೆ ಮೊದಲನೇದಕ್ಕೇ ಹೋಗುತ್ತೆ. ಬಾಣ ಮೂರು ಸಲ ಒತ್ತಿದ್ರೆ ಅಜ್ಜೀದು ಸಿಕ್ತು. ಅದೇನು ಮಹಾ."

ಅವಳು ಎರಡು ಬಾಗಿಲನ್ನೂ ಎರಡೆರಡು ಸಲ ತೆರೆದು ನೋಡಿದಳು. ಹಳೆಯದರಲ್ಲಿ ಅಜ್ಜಿ ಇಟ್ಟುಕೊಂಡಿದ್ದ ಹಳದಿ ಹೂವಿನ ಚಿತ್ರ ಎಂದಿನಂತೆ ಬಂತು. ಹೊಸದರಲ್ಲಿ ಅದರ ಗುರುತಾದ ಪೆಂಗ್ವಿನ್, ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು. ಎರಡೂ ಸರಿಯಾಗಿದ್ದವು.

"ಅಜ್ಜಿ, ಬಾ ನೋಡು," ಎಂದು ಕೂಗಿದಳು.

ಅಜ್ಜಿ ಬಾಗಿಲಿನವರೆಗೆ ಬಂದರು. ಕೈಯಲ್ಲಿ ಸೂಜಿ ಇತ್ತು, ತುಟಿಯಲ್ಲಿ ದಾರದ ತುದಿ ಇತ್ತು. ಪೆಂಗ್ವಿನ್ ನೋಡಿ, "ಈ ಬಾತುಕೋಳಿ ಯಾಕೆ ಬಂತು?" ಎಂದರು.

"ಅದು ನನ್ನ ಸಿಸ್ಟಮ್. ನೋಡು, ಶುರು ಆದ ಕೂಡಲೇ ಮೆನು ಬರುತ್ತೆ. ಕೆಳಗಿನ ಬಾಣ ಮೂರು ಸಲ, ಆಮೇಲೆ ಎಂಟರ್. ನಿನ್ನ ಹೂವು ಬರುತ್ತೆ. ಅಷ್ಟೇ. ಗೊತ್ತಾಯ್ತಾ?"

ಅಜ್ಜಿ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದರು. "ಹೂಂ, ಆಯ್ತು ಬಿಡು," ಎಂದು ತಲೆಯಾಡಿಸಿದರು.

ತಲೆಯಾಡಿಸಿದ್ದು ಬೋಲ್ಟುವಿನ ಮಾತಿಗೋ, ದಾರ ಸಿಕ್ಕಿದ್ದಕ್ಕೋ ಎಂದು ಯಾರೂ ನೋಡಲಿಲ್ಲ.

ಮಾರನೆಯ ದಿನ ಸೋಮವಾರ. ಬೋಲ್ಟುವಿನ ಶಾಲೆ ಮನೆಯಿಂದ ಎರಡೇ ಬೀದಿ ಆಚೆ. ಮಧ್ಯಾಹ್ನದ ಬೆಲ್ ಹೊಡೆದರೆ ಅವಳು ಊಟಕ್ಕೆ ಮನೆಗೇ ಬರುವುದು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಅಪ್ಪ ಬಸ್ ಡ್ರೈವರು. ಆ ಹೊತ್ತಿಗೆ ಮನೆಯಲ್ಲಿ ಅಜ್ಜಿ ಒಬ್ಬರೇ ಇರುತ್ತಿದ್ದರು. ಅಜ್ಜಿ ಇದ್ದಾರೆಂದರೆ ಕಸೂತಿ ಮೆಷಿನ್ನಿನ ಟಕಟಕ ಸದ್ದು ಬೀದಿಯ ತಿರುವಿಗೇ ಕೇಳಬೇಕು.

ಅವತ್ತು ತಿರುವಿನಲ್ಲಿ ಸದ್ದು ಕೇಳಲಿಲ್ಲ. ಗೇಟಿನ ಹತ್ತಿರ ಬಂದರೂ ಕೇಳಲಿಲ್ಲ. ಬೋಲ್ಟು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಅಜ್ಜಿ ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಒಂದು ನೀಲಿ ಆಟದ ಶರ್ಟು. ಅದರ ಮೇಲೆ ಅಜ್ಜಿ ಕೈಯಲ್ಲೇ ಬಿಳಿ ಕುದುರೆ ಹೊಲಿಯುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಮುಗಿದಿತ್ತು. ಕಸೂತಿ ಮೆಷಿನ್ ಬಟ್ಟೆ ಕಚ್ಚಿಕೊಂಡು ಸುಮ್ಮನೆ ನಿಂತಿತ್ತು. ಕಂಪ್ಯೂಟರಿನಲ್ಲಿ ಪೆಂಗ್ವಿನ್ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು.

"ಬಂದ್ಯಾ? ಕೈ ತೊಳ್ಕೊ. ಊಟ ಮುಚ್ಚಿಟ್ಟಿದೀನಿ," ಎಂದರು ಅಜ್ಜಿ, ತಲೆ ಎತ್ತದೆ.

"ಮೆಷಿನ್ ಯಾಕೆ ನಿಂತಿದೆ?"

"ನಿನ್ನ ಬಾತುಕೋಳೀನ ಕೇಳು."

ಬೋಲ್ಟು ಶರ್ಟುಗಳ ಕಡೆ ನೋಡಿದಳು. ಆ ಶರ್ಟುಗಳು ಯಾರದೆಂದು ಅವಳಿಗೆ ಗೊತ್ತಿತ್ತು. ದೊಡ್ಡ ಮೈದಾನದ ಶಾಲೆಯ ಡ್ರಿಲ್ ಮೇಷ್ಟ್ರು ಮೂವತ್ತೆರಡು ಶರ್ಟು ಕೊಟ್ಟಿದ್ದರು. ಸಂಜೆ ನಾಲ್ಕು ಗಂಟೆಗೆ ಬಂದು ತೆಗೆದುಕೊಂಡು ಹೋಗುವವರಿದ್ದರು. ಮಂಗಳವಾರ ಬೆಳಿಗ್ಗೆ ಅವರ ಟೀಮಿಗೆ ಮ್ಯಾಚ್ ಇತ್ತು. ಶನಿವಾರದವರೆಗೆ ಇಪ್ಪತ್ತು ಆಗಿತ್ತು. ಹನ್ನೆರಡು ಉಳಿದಿತ್ತು.

"ಬೆಳಿಗ್ಗೆಯಿಂದ ನಾಲ್ಕು ಸಲ ಆರಿಸಿ ಹಾಕಿದೆ ಕಣೇ. ನಾಲ್ಕು ಸಲಾನೂ ತಿರುಗಿ ನೋಡಿದ್ರೆ ಅದೇ ಕೂತಿದೆ."

"ನಿನ್ನೆ ಹೇಳಿದ್ನಲ್ಲ ಅಜ್ಜಿ, ಮೆನು ಬರುತ್ತೆ ಅಂತ."

"ಯಾವ ಮೆನುನೂ ಬರ್ಲಿಲ್ಲ."

"ಬಂದೇ ಬಂದಿರುತ್ತೆ. ಬರದೇ ಇರೋಕೆ ಚಾನ್ಸೇ ಇಲ್ಲ. ನಾನು ಎರಡೆರಡು ಸಲ ಚೆಕ್ ಮಾಡಿದೀನಿ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಬೋಲ್ಟು ನಾಲಿಗೆ ಕಚ್ಚಿಕೊಂಡಳು. ಅಜ್ಜಿಯ ಎಡಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಕೆಂಪಗಾಗಿತ್ತು. ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಒಂದೂ ಮುಕ್ಕಾಲು ಕುದುರೆ. ಮೆಷಿನ್ ಒಂದು ಕುದುರೆಗೆ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು.

ಅವಳು ಕೈ ತೊಳೆಯುವುದನ್ನೂ ಮರೆತು ಸ್ಟೂಲಿನ ಮೇಲೆ ಕೂತಳು. ಕಂಪ್ಯೂಟರ್ ಆರಿಸಿ ಹಾಕಿದಳು. ಕಪ್ಪು ಪರದೆ, ನಾಲ್ಕು ಸಾಲು, ಹತ್ತು, ಒಂಬತ್ತು. ಕೆಳಗಿನ ಬಾಣ, ಕೆಳಗಿನ ಬಾಣ, ಕೆಳಗಿನ ಬಾಣ, ಎಂಟರ್.

ಹಳೆಯ ಸಿಸ್ಟಮ್ ಎಂದಿನಂತೆ ತಿಣುಕಾಡಿ, ನಾಲ್ಕು ನಿಮಿಷ ತೆಗೆದುಕೊಂಡು ಎದ್ದಿತು. ಕೊನೆಗೆ ಹಳದಿ ಹೂವು ಬಂತು. ಬೋಲ್ಟು ಡಿಸೈನುಗಳ ಫೋಲ್ಡರ್ ತೆರೆದಳು. ಮೊಲ, ಕೊಡೆ, ಗಡಿಯಾರ, ಬೇಕರಿಯವರ ಗುರುತು, ಓಡುವ ಕುದುರೆ. ಒಂದೂ ಕಾಣೆಯಾಗಿರಲಿಲ್ಲ.

ಅಜ್ಜಿ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಆಮೇಲೆ ಅಲ್ಲೇ ಪಕ್ಕದ ಬಟ್ಟೆ ಗಂಟಿನ ಮೇಲೆ ಕುಸಿದು ಕೂತರು. "ಎಲ್ಲಾ ಹೋಯ್ತು ಅಂತಾನೇ ಆಸೆ ಬಿಟ್ಟಿದ್ದೆ," ಎಂದರು ಮೆಲ್ಲಗೆ.

"ಹೋಗಿದ್ರೂ ಕಾಪಿ ಇತ್ತು ಅಜ್ಜಿ. ಗುಂಡಿ ಡಬ್ಬೀಲಿ ಇಟ್ಟಿದೀನಿ."

"ಅದನ್ನ ನಂಗೆ ಹೇಳಿದ್ಯಾ?"

ಬೋಲ್ಟು ಹೇಳಿರಲಿಲ್ಲ. ಮಿಸ್ಸಿಗೆ ಹೇಳಿದ್ದಳು, ಅಣ್ಣನಿಗೆ ಹೇಳಿದ್ದಳು. ಕ್ಲಬ್ಬಿನ ಗೆಳತಿಯರಿಗೂ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಯಾರ ಡಿಸೈನೋ ಅವರೊಬ್ಬರಿಗೆ ಹೇಳುವುದು ಬಿಟ್ಟುಹೋಗಿತ್ತು.

"ಸ್ಕೂಲಿಗೆ ಒಂದು ಫೋನ್ ಮಾಡ್ಬೇಕಿತ್ತು ನೀನು," ಎಂದಳು.

"ಪಾಠ ಕೇಳೋ ಮಗೂನ ಎಬ್ಬಿಸಿ ಕರ್ಕೊಂಡು ಬರೋದಾ? ಕೈ ಇತ್ತಲ್ಲ, ಶುರು ಮಾಡಿದೆ." ಅಜ್ಜಿ ಆಗಲೇ ಎದ್ದು ಮೆಷಿನ್ನಿಗೆ ಶರ್ಟು ಸಿಕ್ಕಿಸುತ್ತಿದ್ದರು. "ಹತ್ತು ಉಳಿದಿದೆ. ಹತ್ತು ಹನ್ನೆರಡ್ಲಿ ನೂರಿಪ್ಪತ್ತು ನಿಮಿಷ. ನಾಲ್ಕು ಗಂಟೆಗೆ ಆಗುತ್ತೆ. ನೀನು ಊಟ ಮಾಡಿ ಓಡು."

ಮೆಷಿನ್ ಟಕಟಕ ಶುರುವಾಯಿತು. ಬೋಲ್ಟು ನಾಲ್ಕೇ ತುತ್ತು ನುಂಗಿ ಓಡಿದಳು. ಮಧ್ಯಾಹ್ನದ ಮೂರು ಪೀರಿಯಡ್ಡೂ ಅವಳು ಬೋರ್ಡ್ ನೋಡಿದ್ದಕ್ಕಿಂತ ಗೋಡೆ ಗಡಿಯಾರ ನೋಡಿದ್ದೇ ಹೆಚ್ಚು. ಹನ್ನೆರಡು ನಿಮಿಷಕ್ಕೊಮ್ಮೆ ಮನಸ್ಸಿನಲ್ಲೇ ಒಂದು ಕುದುರೆ ಎಣಿಸಿದಳು. ವಿಜ್ಞಾನದ ಸರ್ ಎಲೆಗೆ ಹಸಿರು ಬಣ್ಣ ಯಾವುದರಿಂದ ಎಂದು ಕೇಳಿದಾಗ "ಆರು" ಎಂದುಬಿಟ್ಟಳು. ಇಡೀ ಕ್ಲಾಸು ನಕ್ಕಿತು.

ಶಾಲೆ ಬಿಟ್ಟಾಗ ಬೀದಿಯ ತಿರುವಿಗೇ ಟಕಟಕ ಕೇಳಿತು. ಒಳಗೆ ಬಂದರೆ ಕೊನೆಯ ಶರ್ಟಿನ ಕುದುರೆಗೆ ಹಿಂಗಾಲು ಬರುತ್ತಿತ್ತು. ಅಣ್ಣ ಮುಗಿದ ಶರ್ಟುಗಳ ದಾರದ ತುದಿ ಕತ್ತರಿಸುತ್ತಿದ್ದ. ಬೋಲ್ಟು ಬ್ಯಾಗ್ ಬಿಸಾಕಿ ಮಡಚಲು ಕೂತಳು.

ನಾಲ್ಕಕ್ಕೆ ಸರಿಯಾಗಿ ಡ್ರಿಲ್ ಮೇಷ್ಟ್ರು ಬಂದರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಶರ್ಟುಗಳನ್ನು ಒಂದೊಂದಾಗಿ ಎಣಿಸುತ್ತ ಹೋದವರು ಎರಡು ಶರ್ಟಿನ ಹತ್ತಿರ ನಿಂತರು. ಮಿಕ್ಕ ಮೂವತ್ತು ಕುದುರೆಗಳು ಒಂದೇ ಅಚ್ಚು. ಈ ಎರಡರ ಬಾಲ ಸ್ವಲ್ಪ ಉದ್ದ, ಕುತ್ತಿಗೆಯ ಕೂದಲು ಗಾಳಿಗೆ ಹಾರುವಂತೆ ಇತ್ತು.

"ಇದೇನಮ್ಮ, ಇವೆರಡು ಬೇರೆ ಥರ ಇವೆಯಲ್ಲ?"

ಬೋಲ್ಟು ನೆಲ ನೋಡಿದಳು. ಈಗ ಬಂತು ಎಂದುಕೊಂಡಳು.

"ಹೌದಪ್ಪ, ಅವು ಕೈಯಲ್ಲೇ ಹೊಲಿದದ್ದು," ಎಂದರು ಅಜ್ಜಿ, ಏನೂ ಆಗದವರಂತೆ. "ಒಂದು ಕ್ಯಾಪ್ಟನ್‌ಗೆ, ಒಂದು ವೈಸ್ ಕ್ಯಾಪ್ಟನ್‌ಗೆ. ಎಲ್ಲರ ಜೊತೆ ಓಡಿದ್ರೂ ದೂರದಿಂದ ಗುರುತು ಸಿಗ್ಬೇಕಲ್ಲ."

ಮೇಷ್ಟ್ರ ಮುಖ ಅರಳಿತು. "ಇದು ನನಗೆ ಹೊಳೆದೇ ಇರ್ಲಿಲ್ಲ ನೋಡಿ," ಎನ್ನುತ್ತ ಆ ಎರಡನ್ನು ಬೇರೆ ಚೀಲಕ್ಕೆ ಹಾಕಿಕೊಂಡು ಹೋದರು.

ಅವರ ಸ್ಕೂಟರ್ ಸದ್ದು ಬೀದಿ ದಾಟುವುದನ್ನೇ ಅಣ್ಣ ಕಾಯುತ್ತಿದ್ದ. "ಮಾತು ಅಂದ್ರೆ ಮಾತು. ಕೆಲಸ ನಿಲ್ತು. ಬಾತುಕೋಳಿ ಆಚೆ," ಎಂದ. ಆಮೇಲೆ ತಂಗಿಯ ಮುಖ ನೋಡಿ, ಹೇಳಬಾರದಿತ್ತು ಅನ್ನಿಸಿ, ಕತ್ತರಿ ಹುಡುಕುವವನಂತೆ ಬಗ್ಗಿದ.

ಬೋಲ್ಟು ಅಜ್ಜಿಯ ಮುಂದೆ ಬಂದು ನಿಂತಳು. ಬೆಕ್ಕಿಗೆ ಇನ್ನೂ ಕಾಲು ಬಂದಿರಲಿಲ್ಲ. ಅದನ್ನು ನೆನೆದರೆ ಅಳು ಬರುವಂತಿತ್ತು. ಆದರೂ ಹೇಳಿದಳು. "ತೆಗೆದುಬಿಡ್ತೀನಿ ಅಜ್ಜಿ. ಒಂದು ಗಂಟೆ ಕೆಲಸ. ಮೊದಲಿನ ಹಾಗೇ ಆಗುತ್ತೆ."

"ಯಾಕೆ ಹೀಗಾಯ್ತು ಅಂತ ಗೊತ್ತಾಯ್ತಾ ನಿಂಗೆ?"

"ಇಲ್ಲ. ನಾನು ಹಾಕಿದಾಗೆಲ್ಲ ಮೆನು ಬರುತ್ತೆ. ನೀನು ಹಾಕಿದ್ರೆ ಯಾಕೆ ಬರಲ್ಲ ಅಂತ ಗೊತ್ತಾಗ್ತಿಲ್ಲ."

"ಮತ್ತೆ?" ಅಜ್ಜಿ ಮೇಜಿನ ಮೇಲಿನ ದಾರದ ಚೂರುಗಳನ್ನು ಅಂಗೈಯಿಂದ ಗುಡಿಸಿದರು. "ಹೊಲಿಗೆ ಓರೆ ಆಯ್ತು ಅಂತ ಬಟ್ಟೆ ಬಿಸಾಕ್ತಾರಾ? ಎಲ್ಲಿ ಓರೆ ಆಗಿದೆ ನೋಡಿ, ಅಷ್ಟು ಮಾತ್ರ ಬಿಚ್ತಾರೆ. ನೋಡು ಮೊದ್ಲು. ತೆಗೆಯೋದು ಇದ್ದೇ ಇದೆ."

ಮಂಗಳವಾರ ಬೆಳಿಗ್ಗೆ ಬೋಲ್ಟು ಶಾಲೆಯ ಯೂನಿಫಾರ್ಮ್ ಹಾಕಿಕೊಂಡು, ಎರಡು ಜಡೆ ಹೆಣೆಸಿಕೊಂಡು, ಕೋಣೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತಳು. ನೋಟ್‌ಬುಕ್ ತೊಡೆಯ ಮೇಲಿತ್ತು. "ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡು ಅಜ್ಜಿ. ನಾನಿಲ್ಲ ಅಂದ್ಕೋ."

"ನೀನಿಲ್ಲ ಅಂದ್ಕೊಳ್ಳೋದು ಸುಲಭಾನಾ," ಎಂದರು ಅಜ್ಜಿ. ಆದರೂ ಶುರು ಮಾಡಿದರು.

ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗಿತ್ತು. ಅಜ್ಜಿಗೆ ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅವರು ಚಪ್ಪಲಿಯಿಂದ ಕಾಲು ತೆಗೆದು, ಹೆಬ್ಬೆರಳಿನಿಂದ ಬಟನ್ ಒತ್ತಿದರು. ಒತ್ತಿದ ಕೂಡಲೇ, ಕಾಲು ಚಪ್ಪಲಿಯೊಳಗೆ ಮತ್ತೆ ಸೇರುವ ಮೊದಲೇ, ಗಿರ್ರನೆ ತಿರುಗಿ ಎದುರು ಗೋಡೆಯ ಹತ್ತಿರ ಹೋದರು. ಅಲ್ಲಿ ನಿಂತು ಬಾಬಿನ್ನುಗಳಿಗೆ ದಾರ ಸುತ್ತತೊಡಗಿದರು. ಒಂದು ಬಾಬಿನ್ ತುಂಬುತ್ತಾ ಬಂತು. ಬೆನ್ನು ಪೂರ್ತಿ ಕಂಪ್ಯೂಟರಿನ ಕಡೆಗಿತ್ತು.

ಪರದೆಯ ಮೇಲೆ ಮೆನು ಬಂತು. ಹತ್ತು, ಒಂಬತ್ತು, ಎಂಟು. ಅಜ್ಜಿ ಬಿಳಿ ದಾರದ ಉಂಡೆ ಬದಲಾಯಿಸಿದರು. ಐದು, ನಾಲ್ಕು. ಎರಡನೇ ಬಾಬಿನ್. ಎರಡು, ಒಂದು. ಮೆನು ಹೋಯಿತು. ಪೆಂಗ್ವಿನ್ ಬಂದು ಕೂತಿತು. ಅಜ್ಜಿ ನಾಲ್ಕು ಬಾಬಿನ್ ಸುತ್ತಿ, ಮೆಷಿನ್ನಿನ ಸೂಜಿಗೆ ಒಂದು ಹನಿ ಎಣ್ಣೆ ಹಾಕಿ, ಒರೆಸಿ, ಆಮೇಲೆ ತಿರುಗಿದರು.

"ನೋಡು. ಬಂತಾ ಮೆನು?" ಎಂದರು.

ಬೋಲ್ಟುವಿನ ನೋಟ್‌ಬುಕ್ ತೊಡೆಯ ಮೇಲೇ ಇತ್ತು. ನಾಲ್ಕು ಪುಟದ ತುಂಬ ಕಂಪ್ಯೂಟರ್ ಏನು ಕೇಳುತ್ತದೆ, ಅದಕ್ಕೆ ಏನು ಹೇಳಬೇಕು ಎಂದೇ ಇತ್ತು. ಎಂಟು ವರ್ಷದಿಂದ ಇದೇ ಕೋಣೆಯಲ್ಲಿ ಆಡಿ, ಓದಿ, ಜಗಳ ಆಡಿದ್ದಳು. ಅಜ್ಜಿ ಕಂಪ್ಯೂಟರನ್ನು ಹೇಗೆ ಹಾಕುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ.

ನಾಲ್ಕು ನಿಮಿಷ ತೆಗೆದುಕೊಳ್ಳುವ ಯಂತ್ರದ ಮುಂದೆ ಯಾರು ಸುಮ್ಮನೆ ನಿಲ್ಲುತ್ತಾರೆ? ಅಜ್ಜಿಗೆ ಆ ನಾಲ್ಕು ನಿಮಿಷ ನಾಲ್ಕು ಬಾಬಿನ್.

"ಅಜ್ಜಿ," ಎಂದಳು, "ತಪ್ಪು ಎಲ್ಲಿದೆ ಅಂತ ಸಿಕ್ತು. ನೀನು ಏನೂ ಬದಲಾಯಿಸ್ಬೇಡ. ನಾನು ಬದಲಾಯಿಸ್ತೀನಿ."

ಶಾಲೆಗೆ ಇನ್ನೂ ಅರ್ಧ ಗಂಟೆ ಇತ್ತು. ಬೋಲ್ಟು ಪೆಂಗ್ವಿನ್ ಕಡೆಯ ಸೆಟ್ಟಿಂಗ್ ಫೈಲ್ ತೆರೆದಳು. ಅಜ್ಜಿಯ ಸಾಲನ್ನು ಎಲ್ಲಕ್ಕಿಂತ ಮೇಲೆ ತಂದಳು, ತನ್ನದನ್ನು ಅದರ ಕೆಳಗಿಟ್ಟಳು. ಬೇಡದ ಸಾಲುಗಳನ್ನು ಮೆನುವಿನಿಂದ ತೆಗೆದಳು. ಅಜ್ಜಿಯ ಸಾಲಿಗೆ ಏನೇನೋ ನಂಬರು ಇದ್ದ ಉದ್ದದ ಹೆಸರಿತ್ತು. ಅದನ್ನು ಅಳಿಸಿ 'ಅಜ್ಜಿ' ಎಂದು ಬರೆದಳು. ಆ ಮೆನುವಿಗೆ ಕನ್ನಡ ಅಕ್ಷರ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಾಯಿತು. ತನ್ನ ಸಾಲಿಗೆ 'ಬಾತುಕೋಳಿ' ಎಂದು ಬರೆದು ಉಳಿಸಿದಳು.

ಆರಿಸಿ ಹಾಕಿದರೆ ಹಳೆಯ ಮೆನುವೇ ಬಂತು. ಒಂದಕ್ಷರವೂ ಬದಲಾಗಿರಲಿಲ್ಲ.

"ಟುಸ್ಸ್ ಆಯ್ತು," ಎಂದ ಅಣ್ಣ, ಶೂ ಲೇಸ್ ಕಟ್ಟುತ್ತ.

"ಸುಮ್ನಿರೋ." ಬೋಲ್ಟು ನೋಟ್‌ಬುಕ್ಕಿನ ಕೊನೆಯ ಪುಟ ತಿರುಗಿಸಿದಳು. ಮಿಸ್ಸು ಹೇಳಿದ್ದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಫೈಲ್ ಉಳಿಸಿದರೆ ಸಾಲದು, ಮೆನುವನ್ನು ಮತ್ತೆ ಬರೆಸುವ ಕಮಾಂಡ್ ಕೊಡಬೇಕು. "ಆಹಾ, ಇದು ಬಿಟ್ಟೋಗಿತ್ತು," ಎಂದು ಪೆಂಗ್ವಿನ್ ಕಡೆಗೆ ಹೋಗಿ ಕಮಾಂಡ್ ಕೊಟ್ಟಳು. ಪರದೆಯಲ್ಲಿ ಸಾಲುಗಳು ಸರಸರ ಓಡಿ ನಿಂತವು. ಕಂಪ್ಯೂಟರ್ ಪೂರ್ತಿ ಆರಿಸಿದಳು.

"ಅಜ್ಜಿ, ಈಗ ಇನ್ನೊಂದು ಸಲ. ದಿನಾ ಮಾಡೋ ಹಾಗೇ."

ಹೆಬ್ಬೆರಳು ಬಟನ್ ಒತ್ತಿತು. ಅಜ್ಜಿ ಗಿರ್ರನೆ ತಿರುಗಿದರು. ಬಾಬಿನ್ ಆಗಲೇ ಸುತ್ತಿ ಆಗಿದ್ದರಿಂದ ಈ ಸಲ ಬಟ್ಟೆಗೆ ಗುರುತು ಹಾಕತೊಡಗಿದರು. ಅವರ ಬೆನ್ನ ಹಿಂದೆ ಹತ್ತು ಸೆಕೆಂಡು ಇಳಿದು ಮುಗಿದವು. ಕಂಪ್ಯೂಟರ್ ಯಾರನ್ನೂ ಕೇಳದೆ ಅಜ್ಜಿಯ ಬಾಗಿಲು ತೆರೆದುಕೊಂಡು ಒಳಗೆ ಹೋಯಿತು.

ನಾಲ್ಕು ನಿಮಿಷ ಕಳೆದು ಅಜ್ಜಿ ತಿರುಗಿದಾಗ ಹಳದಿ ಹೂವು ಇತ್ತು. ಅವರು ಮೌಸ್ ಹಿಡಿದು ಕೂತು, ಮುಂದಿನ ಆರ್ಡರಿನ ಡಿಸೈನ್ ತೆರೆದರು. ಬಂತಾ ಇಲ್ಲವಾ, ಸರಿಯಾಯಿತಾ ಎಂದು ಏನೂ ಹೇಳಲಿಲ್ಲ. ಎರಡು ನಿಮಿಷದಲ್ಲಿ ಬೋಲ್ಟು ಅಲ್ಲಿ ನಿಂತಿರುವುದೇ ಅವರಿಗೆ ಮರೆತಂತಿತ್ತು.

ಬೋಲ್ಟುವಿಗೆ ಯಾಕೋ ಅದು ಶಹಬ್ಬಾಸ್‌ಗಿಂತ ಚೆನ್ನಾಗಿದೆ ಅನ್ನಿಸಿತು. ಬ್ಯಾಗ್ ಏರಿಸಿಕೊಂಡು ಶಾಲೆಗೆ ಹೊರಟಳು.

"ಏ ಬೋಲ್ಟು," ಎಂದರು ಅಜ್ಜಿ ಹಿಂದಿನಿಂದ, ಪರದೆಯಿಂದ ಕಣ್ಣು ತೆಗೆಯದೆ. "ಬಾತುಕೋಳಿ ಇರ್ಲಿ ಬಿಡು."

ಆಮೇಲೆ ದಿನಗಳು ಸಲೀಸಾಗಿ ಹೋದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೂವು. ಸಂಜೆ ಅಜ್ಜಿ ಕೆಲಸ ಮುಗಿಸಿ ಆರಿಸಿದ ಮೇಲೆ ಬೋಲ್ಟು ಹಾಕುವಳು. ಈಗ ಹತ್ತು ಸೆಕೆಂಡು ಕಾಯುತ್ತ ನಿಲ್ಲುವ ಕೆಲಸ ಅವಳದು. ಬಾಣದ ಕೀ ಮೇಲೆ ಬೆರಳಿಟ್ಟುಕೊಂಡೇ ನಿಲ್ಲಬೇಕಿತ್ತು. ಒಂದು ದಿನ ಬಟನ್ ಒತ್ತಿ, ಬಿಸ್ಕೆಟ್ ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಹೂವು ಬಂದಿತ್ತು. "ಯಾರೋ ಹೇಳ್ತಿದ್ರು, ಮೆನು ಬಂದೇ ಬಂದಿರುತ್ತೆ ಅಂತ," ಎಂದು ಅಣ್ಣ ಆಕಾಶ ನೋಡಿದ. ಬೋಲ್ಟು ಬಿಸ್ಕೆಟ್ ಬಾಯಿಗೆ ತುರುಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ಬೆಕ್ಕಿಗೆ ಮೂರು ಕಾಲು ಬಂದಿತ್ತು.

ಮುಂದಿನ ವಾರದ ಗುರುವಾರ ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲಿ ಟಕಟಕ ಕೇಳಲಿಲ್ಲ. ಆದರೆ ಅವಳಿಗೆ ಗಾಬರಿಯಾಗಲಿಲ್ಲ. ಇವತ್ತು ಆರ್ಡರ್ ಬೇಗ ಮುಗಿಯುತ್ತದೆ ಎಂದು ಅಜ್ಜಿ ಬೆಳಿಗ್ಗೆಯೇ ಹೇಳಿದ್ದರು.

ಒಳಗೆ ಬಂದರೆ ಅಜ್ಜಿ ಎದುರು ಗೋಡೆಯ ಹತ್ತಿರ, ಎಂದಿನಂತೆ ಬೆನ್ನು ತಿರುಗಿಸಿಕೊಂಡು, ನಾಳೆಗೆ ದಾರ ಜೋಡಿಸುತ್ತಿದ್ದರು. ಕಂಪ್ಯೂಟರ್ ಹೊತ್ತಿಕೊಂಡಿತ್ತು. ಪರದೆಯ ಮೇಲೆ ಹೂವು ಇರಲಿಲ್ಲ. ಪೆಂಗ್ವಿನ್ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು.

ಬೋಲ್ಟು ಬಾಗಿಲಲ್ಲೇ ನಿಂತಳು. ಮೆನು ತಪ್ಪಾಯಿತೇ ಎಂದು ಒಂದು ಗಳಿಗೆ ಅನ್ನಿಸಿತು. ಇಲ್ಲ, ಯಾರೂ ಏನೂ ಒತ್ತದಿದ್ದರೆ ಅದು ಅಜ್ಜಿಯ ಕಡೆಗೇ ಹೋಗಬೇಕು. ಅಣ್ಣ ಹಾಕಿದನೇ? ಅವನಿಗೆ ಗುರುವಾರ ಎಕ್ಸ್‌ಟ್ರಾ ಕ್ಲಾಸು, ಇನ್ನೂ ಬಂದಿರಲಿಲ್ಲ. ಅಮ್ಮ ಅಪ್ಪ ಬರುವುದು ಕತ್ತಲಾದ ಮೇಲೆ.

ಆಗ ಕೀಬೋರ್ಡಿನ ಪಕ್ಕ ಅಜ್ಜಿಯ ಕನ್ನಡಕ ಕಂಡಿತು. ಹೊಲಿಗೆಯ ಕನ್ನಡಕ ಅಲ್ಲ. ಸಣ್ಣ ಅಕ್ಷರ ಓದುವಾಗ ಮಾತ್ರ ಬೀರುವಿನಿಂದ ತೆಗೆಯುವ ಇನ್ನೊಂದು ಕನ್ನಡಕ.

ಬೋಲ್ಟು ಲೆಕ್ಕ ಹಾಕಿದಳು. ಹೆಬ್ಬೆರಳಿನಿಂದ ಬಟನ್ ಒತ್ತಿ, ತಿರುಗದೆ, ಬಾಬಿನ್ ಕಡೆ ನೋಡದೆ, ಅಜ್ಜಿ ಪರದೆಯ ಮುಂದೆ ನಿಂತಿದ್ದಾರೆ. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಎರಡು ಸಾಲು ಓದಿದ್ದಾರೆ. ಹತ್ತು ಸೆಕೆಂಡು ಮುಗಿಯುವ ಮೊದಲು ಬಾಣ ಒತ್ತಿದ್ದಾರೆ. ಒಂದೇ ಸಲಕ್ಕೆ ಆಗಿರಲಿಕ್ಕಿಲ್ಲ. ಎಷ್ಟು ಸಲ ಆರಿಸಿ ಹಾಕಿದರೋ.

"ಬಂದ್ಯಾ? ಕೈ ತೊಳ್ಕೊ," ಎಂದರು ಅಜ್ಜಿ, ತಿರುಗದೆ.

ಬೋಲ್ಟು ಕನ್ನಡಕವನ್ನು ಲಂಗದ ಅಂಚಿನಲ್ಲಿ ಒರೆಸಿ, ಮಡಚಿ, ಅಜ್ಜಿಯ ಕೈಗೆ ಸಿಗುವ ಹಾಗೆ ದಾರದ ಡಬ್ಬಿಯ ಪಕ್ಕ ಇಟ್ಟಳು. ಆಮೇಲೆ ಕೈ ತೊಳೆದು ಬಂದು, ಸ್ಟೂಲ್ ಎಳೆದುಕೊಂಡು, ಬೆಕ್ಕಿನ ನಾಲ್ಕನೇ ಕಾಲು ಬರೆಯಲು ಕೂತಳು.